ಗೌಡಸಾನಿಯ ಮುಂದೆ ಕೂರುವ ಪಾಳಿ

ರೋಣದ ಆ ಓಣಿಯಲ್ಲಿ ಯಾರೇ ಕಥೆ ಓದಲಿ, ಹೂಂಗುಡಲು ಕರೆವ್ವನೇ ಬೇಕು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹೂಂಗುಡುವವರಿಲ್ಲದೆ ಕಥೆ ಮುಂದೆ ಸಾಗಬಾರದು ಎಂಬ ಪದ್ಧತಿ ಇರುವ ಕಡೆ ಅವಳಂಥ ಕೇಳುಗರು ಸಿಗುವುದೇ ಪುಣ್ಯ. ರಾಜ ಕಾಡಿಗೆ ಹೋದ ಎಂದರೆ ಸಣ್ಣದೊಂದು ‘ಹೂಂ’. ಅಲ್ಲಿ ರಾಕ್ಷಸ ಎದುರಾದ ಎಂದರೆ ‘ಹೂಂ?’ ಎಂದು ಕುತ್ತಿಗೆ ಮುಂದೆ ಚಾಚುವಳು. ಕಿರಿಯ ರಾಣಿ ಹಾಲಿಗೆ ವಿಷ ಬೆರೆಸಿದಳು ಎಂದರೆ ಮಾತ್ರ ‘ಹೂಂ’ ಬಿಟ್ಟು ನೇರವಾಗಿ ಬೈಗುಳಕ್ಕೇ ಇಳಿಯುವಳು. ಹಾಲಿನ ವಿಷಯದಲ್ಲಿ ಮೋಸವೆಂದರೆ ಅವಳಿಗೆ ಆಗದು.

ಹುಟ್ಟಿದ್ದು ಮುಶಿಗೇರಿಯಲ್ಲಿ, ಮಳೆಯನ್ನೇ ನಂಬಿದ ಎರೆಹೊಲದ ಮನೆಯಲ್ಲಿ. ಕೊಟ್ಟದ್ದು ರೋಣಕ್ಕೆ. ಗಂಡ ದ್ಯಾಮಪ್ಪ ಹತ್ತಿಯ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ಮಗಳಿಗೆ ಹಲ್ಲು ಬರುವ ಮೊದಲೇ ಜ್ವರದಲ್ಲಿ ತೀರಿಕೊಂಡ. ಅಲ್ಲಿಂದ ಮುಂದೆ ಎಮ್ಮೆಯೇ ಅವಳ ಹೊಲ, ಎಮ್ಮೆಯೇ ಅವಳ ಪೇಟೆ. ಹಾಲು ಮಾರಿ ಮಗಳನ್ನು ಬೆಳೆಸಿ ಮೆಣಸಗಿಗೆ ಮದುವೆ ಮಾಡಿಕೊಟ್ಟಳು. ‘ಇಲ್ಲೇ ಬಂದಿರ ಬೇ ಯವ್ವಾ, ಹೊಳಿ ದಂಡಿ, ಹಸಿ ಮೇವು’ ಎಂದು ಮಗಳು ಕರೆದಾಗಲೆಲ್ಲ ಅವಳದು ಒಂದೇ ಉತ್ತರ: ‘ನಾ ಬರ್ತೀನಿ, ಗೌಡಸಾನಿ ಒಪ್ಪಬೇಕಲ್ಲ.’

ಗೌಡಸಾನಿ ಎಂದರೆ ಎಮ್ಮೆ. ಗಜೇಂದ್ರಗಡದ ಸಂತೆಯಿಂದ ಹೊಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಎದುರಿಗೆ ಬಂದ ಬಂಡಿಗಳೇ ಪಕ್ಕಕ್ಕೆ ಸರಿಯಬೇಕಾಯಿತಂತೆ, ಇವಳು ಸರಿಯಲಿಲ್ಲವಂತೆ. ಅಂದೇ ಹೆಸರು ಬಿತ್ತು. ನೀರು ಬೆಚ್ಚಗಿದ್ದರೆ ಕುಡಿಯಳು, ಮೇವಿನಲ್ಲಿ ನಿನ್ನೆಯ ದಂಟು ಸಿಕ್ಕರೆ ಮೂಗಿನಿಂದ ಹೊರಗೆ ದೂಡುವಳು. ಹಿಂಡುವಾಗ ಕರೆವ್ವ ಅವಳ ಪಕ್ಕೆಗೆ ಹಣೆ ಆನಿಸಿ ‘ಜಾಣಿ, ನನ್ನ ಜಾಣಿ’ ಎಂದು ಮೆಲ್ಲಗೆ ಅನ್ನುತ್ತಿರಬೇಕು. ಅನ್ನುವುದು ನಿಂತರೆ ಹಾಲೂ ನಿಂತಿತು.

ಆ ವರ್ಷ ಮಹಾನವಮಿಯ ಆಚೆ ಈದ ಕರು ಹತ್ತಾರು ದಿನಕ್ಕೆ ಹೊಟ್ಟೆ ಉಬ್ಬಿ ಸತ್ತಿತು. ಗೌಡಸಾನಿ ಹಾಲು ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ಕರೆವ್ವನೂ ಮಾಡಿದಳು. ಕರುವಿನ ತೊಗಲನ್ನು ಹದ ಮಾಡಿಸಿ, ಹೊಟ್ಟು ತುಂಬಿಸಿ, ಪಕ್ಕದ ಮನೆಯ ಜಮಾಲಬಿಯಿಂದ ಹೊಲಿಸಿದಳು. ಜಮಾಲಬಿ ಕೌದಿ ಹೊಲಿಯುವವಳು, ಹರಕು ಸೀರೆಗಳನ್ನು ಜೋಡಿಸಿ ಹೊದಿಕೆ ಮಾಡುವುದರಲ್ಲಿ ಎತ್ತಿದ ಕೈ. ಕರುವಿಗೂ ಕೌದಿಯ ಸಣ್ಣ ಹೊಲಿಗೆಯನ್ನೇ ಹಾಕಿ, ಕಿವಿಗಳು ನೆಟ್ಟಗೆ ನಿಲ್ಲುವಂತೆ ಒಳಗೆ ಬಿದಿರುಕಡ್ಡಿ ಇಟ್ಟಿದ್ದಳು. ಅದರ ಬೆನ್ನಿಗೆ ಉಪ್ಪುನೀರು ಚಿಮುಕಿಸಿ ಮುಂದೆ ಇಟ್ಟರೆ ಗೌಡಸಾನಿ ನೆಕ್ಕುತ್ತ ನೆಕ್ಕುತ್ತ ಹಾಲು ಬಿಡುವಳು.

ಆ ಹಾಲಿನ ಮೇಲೆ ಒಂದು ಕೂಸಿನ ಪ್ರಾಣ ನಿಂತಿತ್ತು. ಓಣಿಯ ತುದಿಯ ಮನೆಯ ಶಾರದಾಬಾಯಿಗೆ, ಸಾಲಿ ಮಾಸ್ತರ ಶ್ರೀಧರನ ಹೆಂಡತಿಗೆ, ವಿಷಮಜ್ವರ ಬಂದು ಹೋದ ಮೇಲೆ ಎದೆಯ ಹಾಲು ಬತ್ತಿಹೋಗಿತ್ತು. ಮಗಳು ಮಂದಾಕಿನಿಗೆ ಏಳನೇ ತಿಂಗಳು. ಗೌಡಸಾನಿಯ ಹಾಲಿಗೆ ನೀರು ಬೆರೆಸಿ, ಕುದಿಸಿ, ಆರಿಸಿ, ಒಳಲೆಯಲ್ಲಿ ಹಾಕಿದರೆ ಮಂದಾ ಕಣ್ಣು ಮುಚ್ಚಿಕೊಂಡು ಕುಡಿಯುವಳು. ಬೇರೆ ಯಾವ ಹಾಲು ಹಾಕಿದರೂ ಅದೇ ಕಣ್ಣು ಬಿಟ್ಟು ಉಗುಳುವಳು.

ರಶಿಯಾದವರು ಆಕಾಶಕ್ಕೆ ಒಂದು ಗುಂಡು ಹಾರಿಸಿದ್ದಾರೆ, ಅದು ಭೂಮಿಯ ಸುತ್ತ ತಿರುಗುತ್ತಿದೆ ಎಂದು ಮಾಸ್ತರರು ಓಣಿಗೆಲ್ಲ ಹೇಳಿ ತಿರುಗಿದ ಚಳಿಗಾಲ ಅದು. ಮಾಸಪತ್ರಿಕೆಗಳಲ್ಲೂ ಆಕಾಶದ ಕಥೆಗಳೇ. ಮಾಸ್ತರರು ವಾಚನಾಲಯದಿಂದ ತಂದ ಪತ್ರಿಕೆಯೊಂದರಲ್ಲಿ ಅಂಥದ್ದೇ ಒಂದು ಧಾರಾವಾಹಿ ಶುರುವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಶಾರದಾಬಾಯಿ ಪಡಸಾಲೆಯಲ್ಲಿ ಕಾಲ ಮೇಲೆ ಮಂದಾಳನ್ನು ಮಲಗಿಸಿಕೊಂಡು ಅದನ್ನು ಓದಲು ಕೂತಳು. ಜಮಾಲಬಿ ಕೌದಿ ಹರವಿಕೊಂಡು ಕೂತಳು. ಹೂಂಗುಡಲು ಕರೆವ್ವ.

ಕಥೆ ಹೀಗಿತ್ತು. ದೂರದ ನಕ್ಷತ್ರವೊಂದರಿಂದ ದೊಡ್ಡ ದೊಡ್ಡ ಜೀವಿಗಳು ಇಳಿದು ಬಂದು ಮನುಷ್ಯರನ್ನು ಹಿಡಿದು ಸಾಕತೊಡಗಿದವು. ಅವರಿಗೆ ಕಥೆಯಲ್ಲಿ ‘ಮೇಲಿನವರು’ ಎಂದು ಹೆಸರು.

‘“ಮೇಲಿನವರು ಕ್ರೂರಿಗಳಾಗಿರಲಿಲ್ಲ,”’ ಎಂದು ಶಾರದಾಬಾಯಿ ಓದಿದಳು. ‘“ಮನುಷ್ಯರ ಮೈ ತೊಳೆಯುತ್ತಿದ್ದರು, ಹೊತ್ತಿಗೆ ಸರಿಯಾಗಿ ಉಣಿಸುತ್ತಿದ್ದರು, ಒಬ್ಬೊಬ್ಬರಿಗೂ ಮುದ್ದಿನ ಹೆಸರಿಟ್ಟು ಕರೆಯುತ್ತಿದ್ದರು.”’

‘ಹೂಂ,’ ಎಂದಳು ಕರೆವ್ವ.

‘ಇದ್ರಾಗ ಹೆದರೋದು ಏನೈತ್ರಿ ಬಾಯಾರ?’ ಜಮಾಲಬಿ ಹಲ್ಲಿನಿಂದ ದಾರ ಕಡಿದಳು. ‘ನಮ್ಮ ಅತ್ತಿ ಮನ್ಯಾಗ ನನಗ ಇಷ್ಟು ಸುಖ ಇರಲಿಲ್ಲ.’

‘ತಡಿ ಜಮಾಲಬಿ, ಮುಂದ ಅದ. ಅವರು ಮನುಷ್ಯಾರ ಕಡಿಂದ ಬಂಡಿ ಎಳಸ್ತಾರ.’

‘ಸೋಮಾರ?’ ಕರೆವ್ವ ಕೇಳಿದಳು.

‘ಏನು ಸೋಮವಾರ?’

‘ಸೋಮಾರ ಕೊಳ್ಳ ಬಿಚ್ಚತಾರೋ ಇಲ್ಲೋ? ನಾವು ಸೋಮಾರ ಬಸವಣ್ಣನ ಹೆಗಲಿಗೆ ನೊಗಾ ಇಡಾಂಗಿಲ್ಲ ನೋಡ್ರಿ.’

ಶಾರದಾಬಾಯಿ ಪುಟ ತಿರುವಿ ಹುಡುಕಿದಳು. ‘ಸೋಮವಾರದ್ದು ಏನೂ ಬರದಿಲ್ಲ ಕರೆವ್ವ.’

‘ಹಂಗಾರ ಆ ಮಂದಿ ಚಲೋ ಅಲ್ಲ ಬಿಡ್ರಿ. ಓದ್ರಿ, ಮುಂದ ಓದ್ರಿ.’

ಮುಂದೆ ಓದಿದಳು. ಮೇಲಿನವರ ಲೋಕದಲ್ಲಿ ಮನುಷ್ಯ ತಾಯಿಯ ಹಾಲೆಂದರೆ ಔಷಧ. ಒಬ್ಬ ತಾಯಿಯ ಕೂಸು ತೀರಿಕೊಂಡಿತು. ಅವಳ ಹಾಲು ನಿಂತಿತು. ಮೇಲಿನವರು ಯೋಚನೆ ಮಾಡಿ, ಬಟ್ಟೆಯೊಳಗೆ ಹುಲ್ಲು ತುಂಬಿ ಒಂದು ಕೂಸು ಮಾಡಿದರು, ಸತ್ತ ಕೂಸಿನದೇ ಹೊದಿಕೆಯನ್ನು ಅದಕ್ಕೆ ಸುತ್ತಿ ಅವಳ ತೊಡೆಯ ಮೇಲೆ ಇಟ್ಟರು. ‘“ಅವಳು ಅದನ್ನು ಮೂಸಿದಳು. ಎತ್ತಿ ಎದೆಗವಚಿಕೊಂಡಳು. ಮೇಲಿನವನು ಅವಳ ತಲೆ ಸವರಿ, ಜಾಣೆ, ನನ್ನ ಜಾಣೆ, ಎಂದ.”’

‘ಹೂಂ’ ಬರಲಿಲ್ಲ.

ಶಾರದಾಬಾಯಿ ತಲೆ ಎತ್ತಿ ನೋಡಿದಳು. ಕರೆವ್ವ ಗೋಡೆ ನೋಡುತ್ತ ಕೂತಿದ್ದಳು. ಜಮಾಲಬಿಯ ಸೂಜಿಯೂ ಕೌದಿಯ ನಡುವೆ ನಿಂತಿತ್ತು.

‘ಹೊತ್ತಾತ್ರಿ,’ ಎಂದು ಕರೆವ್ವ ಎದ್ದಳು. ‘ಹಿಂಡೋ ಹೊತ್ತು.’

ಬಿಸಿಲು ಇನ್ನೂ ಅಂಗಳದ ನಡುವೆಯೇ ಇತ್ತು.

ಸಂಜೆ ಅವಳು ಗೂಟಕ್ಕೆ ತೂಗುಹಾಕಿದ್ದ ಹೊಟ್ಟಿನ ಕರುವನ್ನು ಇಳಿಸಿದಳು, ಉಪ್ಪುನೀರನ್ನೂ ಕಲಸಿದಳು. ಗೌಡಸಾನಿ ಕುತ್ತಿಗೆ ಹೊರಳಿಸಿ, ಗಂಟಲೊಳಗಿಂದ ಸಣ್ಣಗೆ ಒಂದು ದನಿ ಹೊರಡಿಸಿದಳು. ಕರುವನ್ನು ಕಂಡಾಗ ಮಾತ್ರ ಹೊರಡಿಸುವ ದನಿ ಅದು. ದಿನವೂ ಕೇಳುತ್ತಿದ್ದದ್ದೇ. ಇಂದು ಕರೆವ್ವನ ಕೈ ಏಳಲಿಲ್ಲ. ಬಿದಿರುಕಡ್ಡಿಯ ಆ ಕಿವಿಗಳು ನೆಟ್ಟಗೆ ನಿಂತಿದ್ದವು. ಅವಳು ಕರುವನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೊಯ್ದಳು. ಬರಿಗೈಲಿ ಬಂದು ಹಿಂಡಲು ಕೂತಳು. ‘ಜಾಣಿ’ ಎನ್ನಲು ಬಾಯಿ ತೆರೆದು, ನುಂಗಿಕೊಂಡಳು. ಗೌಡಸಾನಿ ಹಿಂದಿನ ಕಾಲು ಎತ್ತಿ ಇಟ್ಟಳು. ಚರಿಗೆಯ ತಳ ಮುಚ್ಚುವಷ್ಟು ಹಾಲು ಬಿತ್ತು, ಅಷ್ಟೇ.

ಆ ಹಾಲನ್ನು ಶಾರದಾಬಾಯಿಯ ಮನೆಗೆ ಕೊಟ್ಟು, ಉಳಿದ ಮನೆಯವರಿಗೆಲ್ಲ ‘ಎಮ್ಮಿಗೆ ಮೈ ನೆಟ್ಟಗಿಲ್ಲ’ ಎಂದು ಹೇಳಿಬಂದಳು. ಮೈ ನೆಟ್ಟಗಿಲ್ಲದ್ದು ಯಾರಿಗೆ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ನಸುಕಿನಲ್ಲೂ ಅದೇ ಕಥೆಯಾಯಿತು. ಜಮಾಲಬಿ ಗೋಡೆಯ ಆಚೆಯಿಂದ ಬರಿಯ ಚರಿಗೆಯನ್ನು ನೋಡಿದವಳೇ ಸೊಂಟಕ್ಕೆ ಕೈ ಇಟ್ಟಳು.

‘ಏ ಕರೆವ್ವಾ, ನಾ ಹೊಲದ ಕರು ಏನಾತ? ಹೊಲಿಗಿ ಬಿಚ್ಚಿತೇನ?’

‘ಹೊಲಿಗಿ ಚಲೋ ಐತಿ. ಭಾಳ ಚಲೋ ಐತಿ, ಅದಕ್ಕ ಇಡಾಕ ಒಲ್ಲೆ.’

‘ಒಂದು ಕತಿ ಕೇಳಿ ಹಾಲು ಕಳಕೊಂಡಿ? ಹಂಗಾರ ಕಳ್ಳರ ಕತಿ ಕೇಳಿದ್ರ ಬಾಗಲಾ ತಗಿಯೋದ ಬಿಡ್ತಿದ್ದೇನ?’

‘ಕತಿ ಅಂತ ನನಗೂ ಗೊತ್ತೈತಿ ಜಮಾಲಬಿ. ಮ್ಯಾಲಿಂದ ಯಾರೂ ಬರಾಂಗಿಲ್ಲ. ಬಂದ್ರೂ ರೋಣಕ್ಕ್ಯಾಕ ಬರ್ತಾರ? ಆದ್ರ ಈಕಿ ಮಾರಿ ನೋಡೋ ಮಾರಿ ನನಗ ಇಲ್ಲ ನೋಡು.’

‘ಅಯ್ಯ, ಯಾರು ಯಾರನ್ನ ಸಾಕ್ಯಾರ ಹೇಳು ಮೊದಲ!’ ಜಮಾಲಬಿ ಗೋಡೆಯ ಮೇಲೆ ಮೊಣಕೈ ಊರಿದಳು. ‘ನಸುಕಿನ್ಯಾಗ ಎದ್ದು ನೀರು ಹೊರೋರು ಯಾರು? ಸಗಣಿ ಬಳಿಯೋರು ಯಾರು? ಮಗಳ ಊರಿಗೆ ಹೋಗಬೇಕಂದ್ರ ಅಪ್ಪಣಿ ಕೇಳೋರು ಯಾರು? ಮ್ಯಾಲಿನವರು ಎಂದೋ ಬಂದಾರ ತಗೋ, ನಿನ್ನ ಹಿತ್ತಲದಾಗ ನಿಂತು ಹಿಂಡಿ ತಿನ್ನಾಕತ್ಯಾರ.’

ಕರೆವ್ವನಿಗೆ ನಗು ತಡೆಯಲಾಗಲಿಲ್ಲ. ಗೌಡಸಾನಿ ಬಾಲದಿಂದ ಅವಳ ಬೆನ್ನಿಗೊಂದು ಹೊಡೆದದ್ದೂ ಆ ಮಾತಿಗೆ ಸಾಕ್ಷಿ ಹೇಳಿದಂತೆಯೇ ಇತ್ತು. ಆದರೆ ನಕ್ಕರೆ ಹಾಲು ಬರುತ್ತದೆಯೇ?

ಮಧ್ಯಾಹ್ನದ ಹೊತ್ತಿಗೆ ಮಂದಾಳ ಅಳು ಓಣಿಯ ಈ ತುದಿಗೂ ಕೇಳಿಸುತ್ತಿತ್ತು. ಮಾಸ್ತರರು ಪೇಟೆಯಿಂದ ಎಲ್ಲಿಯದೋ ಹಾಲು ತಂದಿದ್ದರು. ಕರೆವ್ವ ಹೋಗಿ ಬಟ್ಟಲಿನಲ್ಲಿ ಬೆರಳು ಅದ್ದಿ ಎತ್ತಿದಳು. ಬೆರಳಿನಿಂದ ಹನಿ ತಟ್ಟನೆ ಜಾರಿ ಬಿದ್ದಿತು, ಉಗುರಿನ ಮೇಲೆ ಏನೂ ಉಳಿಯಲಿಲ್ಲ.

‘ಇದಕ್ಕ ಹಾಲು ಅಂದವ್ರ್ಯಾರ್ರಿ ಮಾಸ್ತರ್ರ? ಭಾಂಡಿ ತೊಳದ ನೀರು.’

ಮಾಸ್ತರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಶಾರದಾಬಾಯಿಯ ಕಣ್ಣು ಕೆಂಪಾಗಿತ್ತು. ರಾತ್ರಿಯೆಲ್ಲ ಅತ್ತದ್ದು ಕೂಸು ಮಾತ್ರವಲ್ಲ ಎಂಬುದು ಕರೆವ್ವನಿಗೆ ಕಂಡಿತು. ಜ್ವರದಿಂದ ಎದ್ದ ಬಾಣಂತಿಯ ಮುಖ, ಕೊರಳ ಎಲುಬು ಇನ್ನೂ ತುಂಬಿರಲಿಲ್ಲ. ಅಲ್ಲಿ ಒಬ್ಬ ತಾಯಿ, ಇಲ್ಲಿ ಒಬ್ಬ ತಾಯಿ, ನಡುವೆ ಚರಿಗೆ ಹಿಡಿದು ತಾನು.

‘ನಂದ ತಪ್ಪು ಕರೆವ್ವ, ಆ ಕತಿ ಓದಬಾರದಿತ್ತು,’ ಎಂದಳು ಶಾರದಾಬಾಯಿ. ‘ಕೇಳು, ಇಂಥಾ ಕತ್ಯಾಗ ಕಡೀಕ ಎಲ್ಲಾರೂ ಬಿಡುಗಡಿ ಆಗೇ ಆಗ್ತಾರ. ಮುಂದಿನ ಸಂಚಿಕಿ ಬಂದದ. ಅದನ್ನ ಓದಿಬಿಡ್ತೀನಿ, ನಿನಗ ಹಗುರ ಆಗ್ತದ.’

‘ಅವರು ಬಿಡುಗಡಿ ಆದ್ರ ಗೌಡಸಾನಿಗೆ ಏನಾತ್ರಿ?’

ಶಾರದಾಬಾಯಿ ಅಳುವ ಮಗಳನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿದಳು. ಹಾಗೆ ತಿರುಗಿ ಬರುವಷ್ಟರಲ್ಲಿ ಅವಳ ಮುಖ ಬದಲಾಗಿತ್ತು. ಅಡಿಗೆಮನೆಯಲ್ಲಿ ಉಪ್ಪು ಹೆಚ್ಚಾದ ಸಾರನ್ನು ಏನು ಮಾಡುವುದೆಂದು ನಿಂತ ಹೆಂಗಸಿನ ಮುಖ ಅದು.

‘ಹೇಳು ಕರೆವ್ವ, ಆ ಹೊಟ್ಟಿನ ಕರು ಇಟ್ಟಾಗ ಆಕಿ ಏನು ಮಾಡ್ತಾಳ?’

‘ನೆಕ್ಕತಾಳ್ರಿ. ಉಪ್ಪು ಹಚ್ಚಿರತೀನಲ್ಲ.’

‘ಬರೇ ಉಪ್ಪು ಬೋಗುಣ್ಯಾಗ ಇಟ್ರ?’

‘ಎರಡು ಸಲಾ ನೆಕ್ಕಿ ಮಾರಿ ತಿರುವ್ಯಾಳು. ಮೈ ಬೇಕ್ರಿ ಆಕಿಗೆ. ಉಸರು, ಬಿಸುಪು.’

‘ಮೈ ಬೇಕಲ್ಲ? ನನಗೊಂದು ಅದ.’ ಶಾರದಾಬಾಯಿ ಕೂಸನ್ನು ಗಂಡನ ಕೈಗೆ ಕೊಟ್ಟು, ಬಳೆಗಳನ್ನು ಮೊಣಕೈಗೆ ಏರಿಸಿದಳು. ‘ಉಪ್ಪು ಮನ್ಯಾಗ ಅದ. ನಡಿ.’

‘ಏ, ಏ, ಏನು ಮಾಡ್ಲಿಕ್ಕೆ ಹೊಂಟಿ ನೀ?’ ಎಂದರು ಮಾಸ್ತರರು.

‘ಎಮ್ಮೀ ಕರು ಆಗ್ಲಿಕ್ಕೆ,’ ಎಂದಳು ಹೆಂಡತಿ, ಹೊಸ್ತಿಲು ದಾಟುತ್ತ.

ಹಿತ್ತಲಿನಲ್ಲಿ ಕರೆವ್ವ ಮಣೆ ಹಾಕಿದಳು. ಶಾರದಾಬಾಯಿ ಗೌಡಸಾನಿಯ ಮುಂದೆ ಕಾಲು ಮಡಿಚಿ ಕೂತು, ಮೊಣಕೈವರೆಗೆ ಉಪ್ಪುನೀರು ಸವರಿದ ಕೈ ಚಾಚಿದಳು. ಹತ್ತಿರದಿಂದ ನೋಡಿದರೆ ಎಮ್ಮೆಯ ತಲೆ ಜೋಳ ತುಂಬಿಡುವ ಒಂದು ಹಗೇವಿನ ಬಾಯಿಯಷ್ಟು ದೊಡ್ಡದು. ಗೌಡಸಾನಿ ಮೂಸಿದಳು. ಸೀನಿದಳು. ಶಾರದಾಬಾಯಿಯ ಕುಂಕುಮ ಅಳಿಸಿಹೋಯಿತು.

‘ಮಾತಾಡ್ರಿ ಬಾಯಾರ, ಮಾತಾಡ್ರಿ,’ ಹಿಂದಿನಿಂದ ಕರೆವ್ವ ಪಿಸುಗುಟ್ಟಿದಳು. ‘ಸುಮ್ಮನ ಕುಂತವರನ್ನ ಕಂಡ್ರ ಆಕಿಗೆ ಆಗಾಂಗಿಲ್ಲ.’

‘ಎಮ್ಮಿ ಜೋಡಿ ಏನು ಮಾತಾಡ್ಲೇ ನಾ?’

‘ಯಾರ ಜೋಡಿ ಮಾತಾಡೋದ್ರಾಗೂ ನಿಮಗ ಅಂಜಿಕಿ ಇಲ್ಲಲ್ರಿ, ಆಕಿಗೊಂದು ಯಾಕ?’ ಎಂದಳು ಗೋಡೆಯ ಮೇಲಿಂದ ಜಮಾಲಬಿ. ಈ ಆಟ ತಪ್ಪಿಸಿಕೊಳ್ಳಲು ಅವಳೇನು ದಡ್ಡಳೇ?

ಬೇರೆ ಏನೂ ತೋಚದೆ ಶಾರದಾಬಾಯಿ ಬೆಳಿಗ್ಗೆಯಷ್ಟೇ ಓದಿದ್ದ ಹೊಸ ಸಂಚಿಕೆಯ ಕಥೆಯನ್ನೇ ಗೌಡಸಾನಿಗೆ ಹೇಳತೊಡಗಿದಳು. ‘ಆ ತಾಯಿ ಒಂದಿನ ಹುಲ್ಲಿನ ಕೂಸಿನ ಹೊಲಿಗಿ ಬಿಚ್ಚಿ ನೋಡಿದ್ಲು...’

‘ಹೂಂ,’ ಎಂದಳು ಜಮಾಲಬಿ, ಹೂಂಗುಡುವವಳು ಬೇರೆ ಕೆಲಸದಲ್ಲಿದ್ದುದರಿಂದ.

‘ನೋಡಿ, ಆಕಿ ಅಳಲಿಲ್ಲ. ಮ್ಯಾಲಿನವನನ್ನ ಕರದು, “ನನಗ ಸುಳ್ಳು ಕೂಸು ಕೊಟ್ಟಿ, ನಿನ್ನ ಖರೇ ಕೂಸು ತಂದು ನನ್ನ ತೊಡಿ ಮ್ಯಾಲ ಇಡು” ಅಂದ್ಲು...’

ಒರಟಾದ, ಬಿಸಿಯಾದ ನಾಲಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಒಮ್ಮೆ ಹಾದುಹೋಯಿತು. ಶಾರದಾಬಾಯಿ ‘ಅಯ್ಯಯ್ಯೋ’ ಎಂದಳು, ಕೈ ಮಾತ್ರ ಹಿಂದೆಗೆಯಲಿಲ್ಲ. ಇನ್ನೊಮ್ಮೆ ಹಾದುಹೋಯಿತು. ‘ಕರೆವ್ವ, ತೊಗಲ ಸುಲೀತಾಳಿಕಿ!’

‘ಇಟ್ಟ ಇಡ್ರಿ, ಇಟ್ಟ ಇಡ್ರಿ! ಮುಂದ ಏನಾತ, ಕತಿ ನಿಲ್ಲಸಬ್ಯಾಡ್ರಿ!’

‘ಮುಂದ... ಮ್ಯಾಲಿನವನು ಹೌಹಾರಿದ...’

ಕರೆವ್ವನ ಹಣೆ ಗೌಡಸಾನಿಯ ಪಕ್ಕೆಗೆ ಆನಿತ್ತು. ಒಳಗೆ ಎಲ್ಲೋ ಒಂದು ಗಂಟು ಸಡಿಲಾದದ್ದು ಹಣೆಗೇ ತಿಳಿಯಿತು. ಮೊಲೆ ಬೆಚ್ಚಗೆ ತುಂಬಿತು. ಚರಿಗೆಯ ತಳದಲ್ಲಿ ಮೊದಲು ಟಿಣ್ ಟಿಣ್ ಎಂದ ಸದ್ದು, ಸ್ವಲ್ಪ ಹೊತ್ತಿಗೆ ದಪ್ಪಗಾಗಿ, ಆಮೇಲೆ ನೊರೆಯೊಳಗೆ ಹುದುಗಿ ಸೊರ್ ಸೊರ್ ಎಂದಿತು. ಅವಳ ಬಾಯಿಂದ ತಾನೇ ತಾನಾಗಿ ಮಾತು ಹೊರಬಿತ್ತು. ‘ಜಾಣಿ. ನನ್ನ ಜಾಣಿ.’ ಈ ಸಲ ನುಂಗಿಕೊಳ್ಳಬೇಕು ಅನಿಸಲಿಲ್ಲ.

‘ಇದೂ ಮೋಸನ ಅಲ್ಲೇನ ಮತ್ತ?’ ಜಮಾಲಬಿ ಕೆಣಕಿದಳು. ‘ತೊಗಲಿನ ಬದಲಿ ಬಾಯಾರ ಕೈ.’

‘ಹ್ಯಾಂಗ ಮೋಸ? ಉಪ್ಪು ಉಪ್ಪ ಐತಿ, ಕೈ ಕೈನ ಐತಿ. ಇದು ನಿನ್ನ ಕರು ಅಂತ ಯಾರು ಹೇಳ್ಯಾರ ಆಕಿಗೆ? ಹಾಲು ಬೇಕಾದವರು ಬಂದು ಮುಂದ ಕುಂತಾರ. ಕೊಡ್ತೀನಂದ್ರ ಕೊಡ್ತಾಳ, ಒಲ್ಲೆ ಅಂದ್ರ ಒಲ್ಲೆ.’

ಮೊದಲಿನಷ್ಟು ಹಾಲಾಗಲಿಲ್ಲ, ಅರ್ಧಕ್ಕಿಂತ ತುಸು ಮೇಲೆ. ಆದರೆ ಅಂದು ಮಂದಾ ಒಳಲೆಯನ್ನು ಎರಡು ಕೈಯಲ್ಲೂ ಹಿಡಿದು, ಕಣ್ಣು ಮುಚ್ಚಿ, ನಡುವೆ ಉಸಿರಿಗೂ ಪುರಸೊತ್ತಿಲ್ಲದೆ ಕುಡಿದು, ಕರೆವ್ವನ ಸೀರೆಯ ಮೇಲೆಯೇ ತೇಗಿದಳು. ಆ ತೇಗನ್ನು ಕೇಳಿದ ಮೇಲೆ ಕರೆವ್ವ ಮನೆಗೆ ಹೋಗಿ, ಹೊಟ್ಟಿನ ಕರುವನ್ನು ಹಿತ್ತಲ ಬೇವಿನ ಬುಡದಲ್ಲಿ ಹೂಳಿದಳು. ಜಮಾಲಬಿ ಬಂದು ಬಿದಿರುಕಡ್ಡಿಗಳನ್ನಾದರೂ ತೆಗೆದುಕೊಡು ಎಂದಳು. ಕೊಡಲಿಲ್ಲ.

ಹೀಗೆ ಶುರುವಾದದ್ದು ಓಣಿಯ ಪದ್ಧತಿಯೇ ಆಯಿತು. ಜ್ವರದಿಂದ ಎದ್ದವಳನ್ನು ದಿನಾಲು ಎಮ್ಮೆಯ ಮುಂದೆ ಕೂರಿಸುವುದು ಸರಿಯಲ್ಲವೆಂದು, ಹಾಲು ಕೊಳ್ಳುವ ಮನೆಯವರೆಲ್ಲ ಪಾಳಿ ಹಾಕಿಕೊಂಡರು. ಮುಂದೆ ಕೂರಲು ಒಲ್ಲೆ ಎಂದ ಎರಡು ಮನೆಗೆ ಕರೆವ್ವ ಹಾಲು ನಿಲ್ಲಿಸಿದಳು. ಹಾಲು ಕಡಿಮೆಯಾದದ್ದು ಅಲ್ಲಿಗೆ ಸರಿಹೋಯಿತು. ಗೌಡಸಾನಿಗೂ ಇವರ ಪೈಕಿ ಬೇಕಾದವರು, ಬೇಡವಾದವರು ಆದರು. ಮಾಸ್ತರರು ಒಂದು ದಿನ ಹೆಂಡತಿಯ ಪಾಳಿಗೆ ತಾವೇ ಬಂದು, ಅಂಗಿಯ ತೋಳು ಮಡಚಿ, ಬಹಳ ಧೈರ್ಯದಿಂದ ಕೂತರು. ಗೌಡಸಾನಿ ಮೂಸಿ ನೋಡಿ, ತಲೆಯಿಂದ ಒಮ್ಮೆ ತಿವಿದು ಮಣೆಯಿಂದ ಕೆಳಗುರುಳಿಸಿದಳು.

‘ಸುಣ್ಣದ ಕಡ್ಡಿ ವಾಸನಿ ಆಕಿಗೆ ಸೇರಾಂಗಿಲ್ರಿ,’ ಎಂದು ಕರೆವ್ವ ಸಮಾಧಾನ ಹೇಳಿದಳು.

‘ಸಾಲ್ಯಾಗ ಹುಡುಗ್ರಿಗೂ ಸೇರಾಂಗಿಲ್ಲ ಬಿಡು,’ ಎಂದರು ಮಾಸ್ತರರು ಧೋತರ ಝಾಡಿಸಿಕೊಳ್ಳುತ್ತ.

ಪತ್ರಿಕೆಯ ಕಥೆ ಹೋಳಿಯ ತಿಂಗಳಿಗೆ ಮುಗಿಯಿತು. ಮನುಷ್ಯರೆಲ್ಲ ಒಟ್ಟಾಗಿ ದಂಗೆ ಎದ್ದು, ಮೇಲಿನವರನ್ನು ಬೆಂಕಿಯ ಬಾಣಗಳಿಂದ ಓಡಿಸಿದರಂತೆ. ಶಾರದಾಬಾಯಿ ಹುರುಪಿನಿಂದಲೇ ಓದಿದಳು. ಕರೆವ್ವನ ‘ಹೂಂ’ ಮಾತ್ರ ಸಪ್ಪಗಿತ್ತು.

‘ಯಾಕ, ಕತಿ ಬರೋಬರಿ ಆಗಲಿಲ್ಲೇನು?’

‘ಬರದವರು ಬರದಾರ, ನಾ ಏನು ಹೇಳ್ಲಿ. ಆದ್ರ ಆ ಮ್ಯಾಲಿನವರು ಅಷ್ಟು ದೊಡ್ಡ ಮಂದಿ, ಅಷ್ಟು ದೂರದಿಂದ ಬಂದವರು, ಒಬ್ಬಾಕಿ ಮುಂದರ ಮಣಿ ಹಾಕ್ಕೊಂಡು ಕುಂತು, “ತಂಗಿ, ಒಂದೀಟು ಹಾಲು ಬೇಕಾಗಿತ್ತವ್ವಾ” ಅಂತ ಕೇಳಬೇಕಿತ್ತೋ ಬ್ಯಾಡೋ?’

‘ಕೇಳಿದ್ರ ಕೊಡ್ತಿದ್ದೇನ ನೀ?’ ಎಂದಳು ಜಮಾಲಬಿ.

‘ಮಾರಿ ನೋಡಿ ಹೇಳ್ತಿದ್ದೆ.’

ಅಂದು ಸಂಜೆ ಜಮಾಲಬಿಯ ಪಾಳಿ. ಅವಳು ತಂಗಿಯ ಮಗಳ ಮದುವೆಗೆಂದು ಬಲಗೈಗೆ ಎಲೆ-ಹೂವಿನ ಮೆಹಂದಿ ಹಚ್ಚಿಕೊಂಡಿದ್ದಳು, ಆ ಕೈ ಕೊಡಲಾರೆ ಎಂದು ಎಡಗೈ ಚಾಚಿದಳು. ಗೌಡಸಾನಿ ಎಡಗೈಯನ್ನು ಬಿಟ್ಟು, ಸೆರಗಿನ ಕೆಳಗೆ ಮುಚ್ಚಿಟ್ಟಿದ್ದ ಬಲಗೈಯನ್ನೇ ಹುಡುಕಿ ತೆಗೆದು ನೆಕ್ಕಲು ಹತ್ತಿದಳು.

‘ಹೋತ, ಹೋತ, ಎಲಿ ಹೋತ, ಹೂವು ಹೋತ! ಕರೆವ್ವಾ, ಈಕಿನ್ನ ಹಿಡಕೋ ಬೇ!’

‘ಸುಮ್ಮನ ಕುಂಡ್ರ,’ ಎಂದಳು ಕರೆವ್ವ, ಎಮ್ಮೆಯ ಪಕ್ಕೆಯಿಂದ ಹಣೆ ಎತ್ತದೆ. ‘ಹಾಲು ಇನ್ನೂ ಬರಾಕತ್ಯಾವು.’